350 ಸಮಾಜಗಳು, ಒಂದು ತಕರಾರು

ಅಳಿಯ ಬರುತ್ತಿದ್ದಾನೆಂದು ಗೊತ್ತಾದರೆ ಹೆಂಡತಿಯ ತಾಯಿ ಮುಖ ಮರೆಸಿಕೊಂಡು ಸರಿದು ಹೋಗಬೇಕು. ಅವನೂ ಅಷ್ಟೇ, ಅತ್ತೆಯ ಕಡೆ ಕಣ್ಣೆತ್ತಿ ನೋಡಬಾರದು, ಅವಳ ಜೊತೆ ಮಾತಾಡಬಾರದು. ಇಂಥದ್ದೊಂದು ಕಟ್ಟುಪಾಡು ಭೂಮಿಯ ಬೇರೆ ಬೇರೆ ಮೂಲೆಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಂತೆ ಕಾಣುವ ಜನರಲ್ಲಿ ಇದೆ. ಯಾಕೆ?

ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದವರು ಇಂಗ್ಲೆಂಡಿನ ಎಡ್ವರ್ಡ್ ಟೈಲರ್. 1888ರಲ್ಲಿ ಲಂಡನ್ನಿನ ಮಾನವಶಾಸ್ತ್ರ ಸಂಸ್ಥೆಯ ಮುಂದೆ ಅವರು ಒಂದು ಪ್ರಬಂಧ ಓದಿದರು. ಅದಕ್ಕಾಗಿ ಸುಮಾರು 350 ಸಮುದಾಯಗಳ ಮದುವೆ, ವಾಸ, ನೆಂಟಸ್ತಿಕೆಯ ಪದ್ಧತಿಗಳನ್ನು ಪಟ್ಟಿ ಮಾಡಿದ್ದರು. ಗಂಡ ಹೋಗಿ ಹೆಂಡತಿಯ ಮನೆಯಲ್ಲೇ ನೆಲೆಸುವ ಸಮುದಾಯಗಳು ಅದರಲ್ಲಿ 65. ಅತ್ತೆ ಮನೆಯವರನ್ನು ಅಳಿಯ ದೂರ ಇಡುವ ಪದ್ಧತಿ 45 ಕಡೆ. ಇವೆರಡಕ್ಕೂ ಸಂಬಂಧವಿಲ್ಲದಿದ್ದರೆ ಎಂಟೊಂಬತ್ತು ಸಮುದಾಯಗಳಲ್ಲಿ ಎರಡೂ ಅಕಸ್ಮಾತ್ತಾಗಿ ಒಟ್ಟಿಗೆ ಸಿಗಬೇಕಿತ್ತು. ಸಿಕ್ಕಿದ್ದು 14ರಲ್ಲಿ. ಹಾಗಾದರೆ ಏನೋ ಕಾರಣವಿರಬೇಕು, ಹೊರಗಿನವನೊಬ್ಬ ಬಂದು ಮನೆಯೊಳಗೆ ಸೇರಿಕೊಂಡಿದ್ದೇ ಈ ದೂರಕ್ಕೆ ಮೂಲ ಎಂದು ಟೈಲರ್ ವಾದಿಸಿದರು.

ಸಭೆಯ ಅಧ್ಯಕ್ಷರಾಗಿದ್ದವರು ಫ್ರಾನ್ಸಿಸ್ ಗಾಲ್ಟನ್. ಬೇರೆ ವಿಷಯಗಳಲ್ಲಿ ಅವರು ಹೇಳಿದ್ದನ್ನು ಓದಿದರೆ ಮೈ ಉರಿಯುತ್ತದೆ. ಮನುಷ್ಯರಲ್ಲಿ 'ಒಳ್ಳೆಯ ತಳಿ' ಬೆಳೆಸುವ ಸುಜನನಶಾಸ್ತ್ರಕ್ಕೆ ಹೆಸರಿಟ್ಟವರೇ ಅವರು. ಆದರೆ ಆ ದಿನ ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು. ಈ 350 ನಿಜಕ್ಕೂ 350 ಹೌದಾ? ಅಕ್ಕಪಕ್ಕದ ಜನ ಒಬ್ಬರಿಂದೊಬ್ಬರು ಕಲಿತಿರಬಹುದು. ಒಂದೇ ಪೂರ್ವಜರಿಂದ ಕವಲೊಡೆದು ಹಳೆಯ ಪದ್ಧತಿಯನ್ನೇ ಹೊತ್ತು ತಂದಿರಬಹುದು. ಪರೀಕ್ಷೆಯಲ್ಲಿ ಒಬ್ಬ ಬರೆದದ್ದನ್ನು ಹತ್ತು ಜನ ನಕಲು ಹೊಡೆದರೆ ಅದು ಹತ್ತು ಉತ್ತರ ಆಗುವುದಿಲ್ಲ, ಅಲ್ವಾ? ಈ ತಕರಾರನ್ನು ಇವತ್ತಿಗೂ 'ಗಾಲ್ಟನ್ ಸಮಸ್ಯೆ' ಎಂದೇ ಕರೆಯುತ್ತಾರೆ. ಮುಂದಿನ ನೂರಕ್ಕೂ ಹೆಚ್ಚು ವರ್ಷ ಸಂಸ್ಕೃತಿಗಳನ್ನು ಹೋಲಿಸಲು ಹೊರಟವರೆಲ್ಲ ಇದಕ್ಕೆ ಉತ್ತರ ಕೊಡಬೇಕಾಯಿತು.

ಟೈಲರ್ ಪಟ್ಟಿಗೆ ಇನ್ನೊಂದು ತೊಂದರೆಯೂ ಇತ್ತು. ಮಾಹಿತಿ ಬಂದದ್ದು ಪ್ರವಾಸಿಗರು, ಪಾದ್ರಿಗಳು, ವಸಾಹತು ಅಧಿಕಾರಿಗಳು ಬರೆದಿಟ್ಟದ್ದರಿಂದ. ಹೋಲಿಸುವವರಲ್ಲಿ ಹೆಚ್ಚಿನವರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಆಗಿನ ಪಂಡಿತರು ಮನುಕುಲವನ್ನೆಲ್ಲ ಒಂದೇ ಏಣಿಯ ಮೇಲೆ ನಿಲ್ಲಿಸಿದ್ದರು. ಅಮೆರಿಕದ ಲೂಯಿಸ್ ಮಾರ್ಗನ್ 1877ರಲ್ಲಿ ಕಾಡುತನ, ಅನಾಗರಿಕತೆ, ನಾಗರಿಕತೆ ಎಂದು ಮೂರು ಹಂತ ಮಾಡಿದರು. ತುತ್ತತುದಿಯಲ್ಲಿ ಯಾರು ನಿಂತಿದ್ದರು ಎಂದು ಹೇಳಬೇಕಾಗಿಲ್ಲ. ಏಣಿ ಕಟ್ಟಿದವರೇ.

ಈ ಏಣಿಯನ್ನು ಅಲುಗಾಡಿಸಿದವರು ಫ್ರಾಂಜ್ ಬೋವಾಸ್. ಜರ್ಮನಿಯಲ್ಲಿ ಭೌತಶಾಸ್ತ್ರ ಓದಿ, ನೀರಿನ ಬಣ್ಣದ ಬಗ್ಗೆ ಡಾಕ್ಟರೇಟ್ ಪಡೆದು, 1883ರಲ್ಲಿ ಬ್ಯಾಫಿನ್ ದ್ವೀಪದ ಹಿಮದಲ್ಲಿ ಇನುಯಿಟ್ ಜನರ ಜೊತೆ ಇದ್ದು ಬಂದವರು. 1896ರಲ್ಲಿ ಅವರು ಎತ್ತಿದ ಆಕ್ಷೇಪ ಗಾಲ್ಟನ್ ಪ್ರಶ್ನೆಯ ಇನ್ನೊಂದು ಮುಖ. ಮುಖವಾಡವನ್ನೇ ನೋಡಿ. ಕೆಲವರು ದೆವ್ವಕ್ಕೆ ಗುರುತು ಸಿಗದಿರಲಿ ಎಂದು ಹಾಕಿಕೊಳ್ಳುತ್ತಾರೆ. ಕೆಲವರಿಗೆ ಮುಖವಾಡ ಹಾಕಿದರೆ ತಾವೇ ಆ ದೈವ. ಇನ್ನು ಕೆಲವರಿಗೆ ಅದು ಸತ್ತವರ ನೆನಪು. ಪಟ್ಟಿಯಲ್ಲಿ 'ಮುಖವಾಡ: ಇದೆ' ಎಂದು ಮೂವರ ಮುಂದೆಯೂ ಗುರುತು ಹಾಕಿದರೆ ನಾವು ಹೋಲಿಸುತ್ತಿರುವುದಾದರೂ ಏನನ್ನು? ಮೇಲ್ನೋಟಕ್ಕೆ ಒಂದೇ ತರ ಇರುವುದು ಬೇರೆ ಬೇರೆ ದಾರಿಯಿಂದ ಬಂದಿರಬಹುದು. ಮೊದಲು ಒಂದೊಂದು ಸಮಾಜವನ್ನೂ ಅದರ ಇತಿಹಾಸದ ಸಮೇತ ತಿಳಿದುಕೊಳ್ಳಿ, ಹೋಲಿಕೆ ಆಮೇಲೆ ಎಂಬುದು ಬೋವಾಸರ ಹಟ.

ಸರಿ, ತಿಳಿದುಕೊಳ್ಳುವುದು ಹೇಗೆ? ಇಲ್ಲಿ ಕಾಕತಾಳೀಯವೊಂದು ನೆರವಿಗೆ ಬಂತು. ಪೋಲೆಂಡ್ ಮೂಲದ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1914ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಅವರು ಆಸ್ಟ್ರಿಯಾದ ಪ್ರಜೆ, ಅಂದರೆ ಲೆಕ್ಕಕ್ಕೆ ಶತ್ರು ದೇಶದವರು. ಆದರೂ ಸಂಶೋಧನೆಗೆ ಅನುಮತಿ ಸಿಕ್ಕಿತು. 1915ರಿಂದ 1918ರ ನಡುವೆ ಎರಡು ದೀರ್ಘ ಅವಧಿಗಳನ್ನು ಅವರು ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಳೆದರು. ಹಳ್ಳಿಯ ಮಧ್ಯೆಯೇ ಡೇರೆ ಹಾಕಿದರು, ಅಲ್ಲಿನ ಭಾಷೆ ಕಲಿತರು. ಯಾರು ಯಾರಿಗೆ ಏನು ಕೊಟ್ಟರು, ಯಾರ ತೋಟದ ಗೆಣಸು ಯಾರ ಮನೆಗೆ ಹೋಯಿತು, ಯಾರ ಮೇಲೆ ಯಾರಿಗೆ ಸಿಟ್ಟು ಎಂಬುದನ್ನೆಲ್ಲ ದಿನವೂ ಬರೆದುಕೊಂಡರು.

ಅಲ್ಲಿದ್ದಾಗ ಒಬ್ಬ ತರುಣ ತೆಂಗಿನ ಮರದಿಂದ ಬಿದ್ದು ಸತ್ತ ಸುದ್ದಿ ಬಂತು. ಆಮೇಲೆ ನಿಜ ಗೊತ್ತಾಯಿತು: ಅದು ಆತ್ಮಹತ್ಯೆ. ಅವನು ಚಿಕ್ಕಮ್ಮನ ಮಗಳ ಜೊತೆ ಸಂಬಂಧ ಇಟ್ಟುಕೊಂಡಿದ್ದ, ಇಬ್ಬರೂ ಒಂದೇ ಕುಲದವರು. ಕುಲದೊಳಗೆ ಇಂಥ ಸಂಬಂಧ ಘೋರ ಪಾಪ, ಕೇಳಿದರೇ ಮೈ ನಡುಗುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ಆ ಹುಡುಗನ ವಿಷಯ ಊರಿಗೆಲ್ಲ ಮೊದಲೇ ಗೊತ್ತಿತ್ತು, ಯಾರೂ ಏನೂ ಮಾಡಿರಲಿಲ್ಲ. ಹುಡುಗಿಯನ್ನು ಬಯಸಿದ್ದ ಇನ್ನೊಬ್ಬ ಎಲ್ಲರೆದುರು ಹೀಗಳೆದು ಕೂಗಿದ ಮೇಲೆ ಮಾತ್ರ ಅವನು ಬದುಕಲಾರದಾದ. ಗುಟ್ಟಾಗಿ ನಡೆದರೆ ನೋಡಿಯೂ ನೋಡದಂತೆ ಇರುತ್ತಾರೆ, ಬಾಯಿ ಬಿಟ್ಟು ಹೇಳಿದರೆ ಮುಗಿಯಿತು. ಪ್ರಶ್ನಾವಳಿ ಹಿಡಿದು ಬಂದು 'ನಿಮ್ಮ ನಿಯಮವೇನು' ಎಂದು ಕೇಳಿ ಹೋಗುವವನಿಗೆ ಇದು ಗೊತ್ತಾಗುವುದು ಸಾಧ್ಯವೇ ಇಲ್ಲ. ಜನ ಏನು ಮಾಡಬೇಕು ಎನ್ನುತ್ತಾರೆ, ಏನು ಮಾಡುತ್ತೇವೆ ಎನ್ನುತ್ತಾರೆ, ನಿಜಕ್ಕೂ ಏನು ಮಾಡುತ್ತಾರೆ ಎನ್ನುವ ಮೂರೂ ಬೇರೆ ಬೇರೆ. ಕ್ಷೇತ್ರಕಾರ್ಯದ ಶ್ರಮವೆಲ್ಲ ಈ ಮೂರನೆಯದನ್ನು ಹಿಡಿಯುವುದಕ್ಕೆ.

ಒಂದೇ ಊರಿನಲ್ಲಿ ಕೂತೂ ಹೋಲಿಕೆ ಮಾಡಬಹುದು. ತಂದೆ ಮತ್ತು ಮಗನ ನಡುವಿನ ಒಳಜಗಳ ಮನುಷ್ಯ ಸಹಜ, ಎಲ್ಲೆಡೆಯೂ ಇರುವಂಥದ್ದು ಎಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ್ದರು. ಟ್ರೋಬ್ರಿಯಾಂಡ್‌ನಲ್ಲಿ ವಂಶ ತಾಯಿಯ ಕಡೆಯಿಂದ. ಹುಡುಗನಿಗೆ ಆಸ್ತಿ ಬರುವುದು ಸೋದರಮಾವನಿಂದ, ಗದರುವವನೂ ಸೋದರಮಾವ. ಅಪ್ಪ ಸುಮ್ನೆ ಎತ್ತಿ ಆಡಿಸುವ ಗೆಳೆಯ. ಅಲ್ಲಿ ಹುಡುಗರ ಮುನಿಸು ಅಪ್ಪನ ಮೇಲಲ್ಲ, ಸೋದರಮಾವನ ಮೇಲೆ ಎಂದು ಮಲಿನೋವ್‌ಸ್ಕಿ ಬರೆದರು. ಮುಂದೆ ಈ ವಾದವನ್ನೂ ಕೆಲವರು ಒಪ್ಪಲಿಲ್ಲ. ಆದರೂ 'ಎಲ್ಲ ಮನುಷ್ಯರೂ ಹೀಗೆ' ಎನ್ನುವ ಮಾತನ್ನು ಪ್ರಶ್ನಿಸುವುದಕ್ಕೆ ಕೆಲವೊಮ್ಮೆ ಒಂದೇ ಒಂದು ಹಳ್ಳಿ ಸಾಕಾಗುತ್ತದೆ.

ಹಾಗಂತ ಮಲಿನೋವ್‌ಸ್ಕಿ ಎಲ್ಲವನ್ನೂ ನೋಡಿದರು ಎಂದಲ್ಲ. 1971ರಲ್ಲಿ ಅನೆಟ್ ವೈನರ್ ಅದೇ ದ್ವೀಪಗಳಿಗೆ ಹೋದರು. ಯಾರಾದರೂ ಸತ್ತ ಮೇಲೆ ನಡೆಯುವ ವಿಧಿಗಳಲ್ಲಿ ಅಲ್ಲಿನ ಹೆಂಗಸರು ಒಣಗಿದ ಬಾಳೆ ಎಲೆಯ ಕಟ್ಟುಗಳನ್ನು ಸಾವಿರಗಟ್ಟಲೆ ಹಂಚುವುದನ್ನು ಕಂಡರು. ನೋಡುವುದಕ್ಕೆ ಒಣ ಎಲೆ, ಅಲ್ಲಿ ಅದು ಸಂಪತ್ತು. ಆ ಸಂಪತ್ತು ಹೆಂಗಸರ ಕೈಯಲ್ಲಿತ್ತು. ಗಂಡಸರು ಸಮುದ್ರ ದಾಟಿ ಚಿಪ್ಪಿನ ಹಾರ, ತೋಳುಬಳೆ ವಿನಿಮಯ ಮಾಡುವುದನ್ನು ದಪ್ಪ ಪುಸ್ತಕವಾಗಿ ಬರೆದ ಮಲಿನೋವ್‌ಸ್ಕಿಗೆ ಇದು ಮುಖ್ಯ ಎನಿಸಿರಲಿಲ್ಲ. ಅವರ ಬರಹವನ್ನಷ್ಟೇ ನಂಬಿ ಪಟ್ಟಿ ತುಂಬಿಸಿದವರು 'ಹೆಂಗಸರ ಸಂಪತ್ತು' ಎಂಬಲ್ಲಿ ಏನು ಬರೆದಿರುತ್ತಿದ್ದರು?

ನನ್ನ ಪ್ರಕಾರ ಇಡೀ ಶಾಸ್ತ್ರದ ಅತಿ ಕಷ್ಟದ ಜಾಗ ಇದೇ: 'ಇಲ್ಲ' ಎಂದು ಬರೆಯುವುದು.

ಪಟ್ಟಿ ಮಾಡುವ ಆಸೆ ಮಾತ್ರ ಸಾಯಲಿಲ್ಲ. ಅಮೆರಿಕದ ಜಾರ್ಜ್ ಮರ್ಡಾಕ್ ಅದನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡರು. ಅವರ ಪ್ರಯತ್ನದಿಂದ ಬೆಳೆದು 1949ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಸಂಗ್ರಹದಲ್ಲಿ ಜಗತ್ತಿನ ನೂರಾರು ಸಮುದಾಯಗಳ ಬಗೆಗಿನ ಬರಹಗಳಿವೆ. ಪ್ರತಿ ಪ್ಯಾರಾಕ್ಕೂ ವಿಷಯ ಸೂಚಿಸುವ ಸಂಖ್ಯೆ ಇದೆ. ಬೇಕಾದ ಸಂಖ್ಯೆ ಹಿಡಿದು ಹೋದರೆ ಆ ವಿಷಯದ ಬಗ್ಗೆ ಎಲ್ಲೆಲ್ಲಿ ಏನೇನು ಬರೆದಿದೆ ಎಂಬುದು ಸಿಗುತ್ತದೆ. 1969ರಲ್ಲಿ ಮರ್ಡಾಕ್ ಮತ್ತು ಡಗ್ಲಸ್ ವೈಟ್ ಗಾಲ್ಟನ್ ಸಮಸ್ಯೆಗೊಂದು ಉಪಾಯ ಹುಡುಕಿದರು. ಒಂದೇ ತರದ ಅಕ್ಕಪಕ್ಕದ ಸಮಾಜಗಳನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೆನ್ನಾಗಿ ಅಧ್ಯಯನವಾದ ಒಂದನ್ನು ಮಾತ್ರ ಆರಿಸಿದರು. ಹೀಗೆ ಸಿಕ್ಕಿದ್ದು 186. ಪ್ರತಿಯೊಂದಕ್ಕೂ ಇಂಥ ಊರು, ಇಂಥ ಕಾಲ ಎಂದು ಗುರುತು ಮಾಡಿದರು. ಸಂಸ್ಕೃತಿ ನಿಂತ ನೀರಲ್ಲವಾದ್ದರಿಂದ ಇದು ಬೇಕೇ ಬೇಕಿತ್ತು. ನಕಲು ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು.

ಆದರೆ 'ಇಲ್ಲ' ಎಂಬ ತೊಡಕು ಹಾಗೇ ಉಳಿಯಿತು. 2015ರಲ್ಲಿ ಸಂಶೋಧಕರು 168 ಸಂಸ್ಕೃತಿಗಳನ್ನು ಜಾಲಾಡಿ, ಪ್ರೇಮಿಗಳು ತುಟಿಗೆ ಮುತ್ತಿಡುವ ಅಭ್ಯಾಸ ಎಲ್ಲೆಲ್ಲಿದೆ ಎಂದು ನೋಡಿದರು. ಪುರಾವೆ ಸಿಕ್ಕಿದ್ದು ಶೇ. 46ರಲ್ಲಿ ಮಾತ್ರ. ಸಿನಿಮಾ ನೋಡಿ ಬೆಳೆದವರಿಗೆ ಅಚ್ಚರಿಯ ಸುದ್ದಿ, ಪತ್ರಿಕೆಗಳೂ ಖುಷಿಯಿಂದ ಬರೆದವು. ಆದರೆ ಕತ್ತಲಲ್ಲಿ, ಬಾಗಿಲ ಹಿಂದೆ ನಡೆಯುವುದನ್ನು ಹೊರಗಿನಿಂದ ಬಂದವನು ಎಷ್ಟು ಬಲ್ಲ? ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕೆ. ತಪ್ಪು ಮಾಡಿದವರನ್ನು ಶಿಕ್ಷಿಸುವ ದೇವರ ಕಲ್ಪನೆ ಮೊದಲು ಬಂತೋ, ದೊಡ್ಡ ಸಮಾಜಗಳು ಮೊದಲು ಬಂದವೋ? ಹತ್ತು ಸಾವಿರ ವರ್ಷಗಳ 414 ಸಮಾಜಗಳ ಮಾಹಿತಿ ಇಟ್ಟುಕೊಂಡು, ದೊಡ್ಡ ಸಮಾಜಗಳೇ ಮೊದಲು ಎಂದು ಅದು ಹೇಳಿತು. ಬೇರೆ ಸಂಶೋಧಕರು ಕೆದಕಿದಾಗ ದೋಷ ಬಯಲಿಗೆ ಬಂತು. ದಾಖಲೆಯೇ ಇಲ್ಲದ ಕಾಲಗಳಿಗೆಲ್ಲ 'ಅಂಥ ದೇವರಿಲ್ಲ' ಎಂದು ತುಂಬಿಸಲಾಗಿತ್ತು. ಅಂಥ ನಮೂದುಗಳು ಅರ್ಧಕ್ಕಿಂತ ಜಾಸ್ತಿ. ಬರವಣಿಗೆಯೇ ಗೊತ್ತಿಲ್ಲದ ಜನರ ದೇವರು ದಾಖಲೆಯಲ್ಲಿ ಸಿಗುವುದಾದರೂ ಹೇಗೆ? 2021ರಲ್ಲಿ ಲೇಖಕರು ಪ್ರಬಂಧ ಹಿಂತೆಗೆದುಕೊಂಡರು. ಲೆಕ್ಕ ತಿದ್ದಿ ಮತ್ತೆ ವಾದ ಮುಂದಿಟ್ಟಿದ್ದಾರೆ, ಜಗಳ ಮುಗಿದಿಲ್ಲ.

ಗಾಲ್ಟನ್ ಸಮಸ್ಯೆಗೆ ಹೆಚ್ಚು ಚೆಂದದ ಉತ್ತರ ಬಂದದ್ದು ಜೀವಶಾಸ್ತ್ರದ ಕಡೆಯಿಂದ. ನೆಂಟಸ್ತಿಕೆಯನ್ನು ಮರೆಮಾಚುವ ಬದಲು ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂಬುದು ಉಪಾಯ. ಭಾಷೆಗಳು ಕವಲೊಡೆದ ರೀತಿ ಗೊತ್ತಿದ್ದರೆ ಜನ ಕವಲೊಡೆದ ರೀತಿಯ ಅಂದಾಜು ಸಿಗುತ್ತದೆ. ಆ ವಂಶವೃಕ್ಷದ ಯಾವ ಕೊಂಬೆಯಲ್ಲಿ ಯಾವ ಪದ್ಧತಿ ಬದಲಾಯಿತು ಎಂದು ಹಿಂದಕ್ಕೆ ಹೋಗಿ ಹುಡುಕಬಹುದು. ಆಗ ಎಣಿಸುವುದು ಸಮಾಜಗಳನ್ನಲ್ಲ, ಬದಲಾವಣೆಗಳನ್ನು. ಕ್ಲೇರ್ ಹೋಲ್ಡನ್ ಮತ್ತು ರೂತ್ ಮೇಸ್ 2003ರಲ್ಲಿ ಆಫ್ರಿಕಾದ 68 ಬಾಂಟು ಭಾಷಿಕ ಸಮುದಾಯಗಳ ಮೇಲೆ ಇದನ್ನು ಪ್ರಯೋಗಿಸಿದರು. ಮಾತೃವಂಶಕ್ಕೆ ದನವೇ ಶತ್ರು ಎಂದು ಡೇವಿಡ್ ಅಬರ್ಲ್ 1961ರಲ್ಲೇ ಹೇಳಿದ್ದರು, ಆದರೆ ಅದು ಟೈಲರ್ ತರದ ಎಣಿಕೆ. ಈ ಹೊಸ ಲೆಕ್ಕದಲ್ಲೂ ಅದೇ ಬಂತು. ತಾಯಿಯ ಕಡೆಯಿಂದ ವಂಶ ಎಣಿಸುತ್ತಿದ್ದವರ ಕೈಗೆ ದನ ಬಂದ ಮೇಲೆ ಆ ಪದ್ಧತಿ ಉಳಿಯುವುದು ಕಷ್ಟ. ದನವಿದ್ದರೆ ವಧುದಕ್ಷಿಣೆ ಕೊಟ್ಟು ಗಂಡುಮಕ್ಕಳಿಗೆ ಮದುವೆ ಮಾಡಬಹುದು, ಆಸ್ತಿ ಮಗನ ಕಡೆ ವಾಲುತ್ತದೆ ಎಂಬುದು ವಿವರಣೆ. ಪಕ್ಕದವರಿಂದ ಎರವಲು ಬಂದ ಪದ್ಧತಿಗಳನ್ನು ಹಿಡಿಯುವುದರಲ್ಲಿ ಮಾತ್ರ ಈ ವಂಶವೃಕ್ಷ ಅಷ್ಟೇನೂ ಜಾಣ ಅಲ್ಲ.

ಇತ್ತೀಚೆಗೆ ಮೂರನೆಯದೊಂದು ದಾರಿಯೂ ಇದೆ: ಒಂದೇ ಪ್ರಯೋಗವನ್ನು ಹಲವು ಕಡೆ ಮಾಡುವುದು. ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು 15 ಸಣ್ಣ ಸಮಾಜಗಳಲ್ಲಿ ಒಂದು ಆಟ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬನಿಗೆ ಒಂದಿಷ್ಟು ಹಣ ಕೊಡುತ್ತಾರೆ. ಅದರಲ್ಲಿ ಎಷ್ಟು ಪಾಲನ್ನು ಅಪರಿಚಿತನಿಗೆ ಕೊಡುತ್ತೇನೆ ಎಂದು ಅವನು ಹೇಳಬೇಕು. ಆ ಇನ್ನೊಬ್ಬ ಒಪ್ಪಿದರೆ ಹಾಗೇ ಹಂಚಿಕೆ. ಬೇಡ ಎಂದರೆ ಇಬ್ಬರಿಗೂ ಸೊನ್ನೆ. ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸಾಮಾನ್ಯವಾಗಿ ಶೇ. 40ರಿಂದ 50 ಕೊಡುತ್ತಾರೆ. ತೀರಾ ಕಡಿಮೆ ಕೊಟ್ಟರೆ ಎದುರಿನವರು ಸಿಟ್ಟಿನಿಂದ ತಿರಸ್ಕರಿಸುತ್ತಾರೆ. ಪೆರುವಿನ ಮಾಚಿಗುವೆಂಗಾ ಜನ ಕೊಟ್ಟದ್ದು ಸರಾಸರಿ ಶೇ. 26. ಎದುರಿನವರು ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಇಂಡೋನೇಷ್ಯಾದ ಲಾಮಾಲೆರಾದಲ್ಲಿ ಕೊಟ್ಟವರು ಅರ್ಧಕ್ಕಿಂತ ಹೆಚ್ಚು ಕೊಟ್ಟರು. ನ್ಯೂಗಿನಿಯ ಔ ಮತ್ತು ನಾವ್ ಜನರಲ್ಲಂತೂ ಅರ್ಧಕ್ಕಿಂತ ಜಾಸ್ತಿ ಕೊಟ್ಟರೂ ಕೆಲವರು ಬೇಡವೆಂದರು.

ಸಂಖ್ಯೆಗಳನ್ನಷ್ಟೇ ನೋಡಿದರೆ ಇದೆಲ್ಲ ಒಗಟು. ಒಗಟು ಬಿಡಿಸಿದವರು ಆಟ ಆಡಿಸಿದ ಸಂಶೋಧಕರೇ, ಏಕೆಂದರೆ ಅವರಲ್ಲಿ ಹೆಚ್ಚಿನವರು ಆಯಾ ಜನರ ನಡುವೆ ಬಹುಕಾಲ ಇದ್ದು ಬಂದವರು. ಲಾಮಾಲೆರಾದವರು ದೋಣಿಗಳಲ್ಲಿ ಒಟ್ಟಾಗಿ ಹೋಗಿ ತಿಮಿಂಗಿಲ ಬೇಟೆಯಾಡುತ್ತಾರೆ. ಒಂದು ತಿಮಿಂಗಿಲವನ್ನು ಯಾರಿಗೆ ಯಾವ ಭಾಗ ಎಂದು ಅಳೆದು ಹಂಚುವುದು ಅವರಿಗೆ ರೂಢಿ. ಮಾಚಿಗುವೆಂಗಾ ಕುಟುಂಬಗಳು ಬಹುಮಟ್ಟಿಗೆ ತಂತಮ್ಮ ಪಾಡಿಗೆ ಬದುಕುತ್ತವೆ, ಅಪರಿಚಿತನ ಜೊತೆ ಪಾಲು ಮಾಡುವ ಪ್ರಸಂಗವೇ ಅಪರೂಪ. ಔ ಮತ್ತು ನಾವ್ ಜನರಲ್ಲಿ ದೊಡ್ಡ ಕೊಡುಗೆ ತೆಗೆದುಕೊಂಡರೆ ಋಣ ಬೀಳುತ್ತದೆ, ಕೊಟ್ಟವನು ಕೇಳಿದಾಗ ತೀರಿಸಬೇಕು. ಕೀನ್ಯಾದ ಓರ್ಮಾ ಜನರಿಗೆ ಇದೇ ಯೋಜನೆಯಲ್ಲಿ ಇನ್ನೊಂದು ಆಟ ಆಡಿಸಿದರು. ಎಲ್ಲರೂ ಒಂದು ನಿಧಿಗೆ ಹಣ ಹಾಕಬೇಕು, ಅದನ್ನು ಹೆಚ್ಚಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಅವರು ನೋಡಿದವರೇ ಇದು ಹರಂಬೆ ಎಂದರು. ಶಾಲೆ, ರಸ್ತೆ ಕಟ್ಟಲು ಊರವರೆಲ್ಲ ಸೇರಿ ಎತ್ತುವ ಚಂದಾಕ್ಕೆ ಅಲ್ಲಿನ ಹೆಸರದು. ಆಮೇಲೆ ಧಾರಾಳವಾಗಿಯೇ ಹಣ ಹಾಕಿದರು.