ಹಾಲಿತ್ತು, ತೊರೆ ಬಿಡಲಿಲ್ಲ

2020ರ ಜುಲೈನಲ್ಲಿ ನನ್ನ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಹಿಂದಿನ ದಿನವಷ್ಟೇ ಗಂಟಲು ದ್ರವದ ಕೋವಿಡ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಪಿಪಿಇ ತೊಟ್ಟ ನರ್ಸ್ ಮಗುವನ್ನು ದೂರದಿಂದ ತೋರಿಸಿ ಬೇರೆ ವಾರ್ಡಿಗೆ ಒಯ್ದರು. ಮೂರನೆಯ ದಿನಕ್ಕೆ ಹಾಲು ಕಟ್ಟಿ ಎದೆ ಕಲ್ಲಾಯಿತು. ಪಂಪ್ ಇಟ್ಟರೆ ನಾಲ್ಕು ಹನಿ. ಸಂಜೆ ನರ್ಸ್ ಮೊಬೈಲಿಗೆ ಮಗು ಅಳುವ ವಿಡಿಯೊ ಕಳಿಸಿದರು. ನೋಡುತ್ತಿದ್ದಂತೆಯೇ ನೈಟಿ ಎರಡೂ ಕಡೆ ಒದ್ದೆಯಾಯಿತಂತೆ.

ಹಸು ಕಟ್ಟಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಕರುವನ್ನು ಮೊದಲು ಬಿಡದೆ ಕೆಚ್ಚಲಿಗೆ ಕೈ ಹಾಕಿದರೆ, ಕೊಟ್ಟಿಗೆಗೆ ನಾಯಿ ನುಗ್ಗಿದರೆ, ಹಸು ತೊರೆ ಬಿಡುವುದಿಲ್ಲ. ಹಾಲು ಒಳಗಿರುತ್ತದೆ, ಇಳಿಯುವುದಿಲ್ಲ. ಮನುಷ್ಯರಲ್ಲೂ ಹಾಲು ಕೂಡುವುದು ಒಂದು ಕೆಲಸ, ಇಳಿಯುವುದು ಇನ್ನೊಂದು. ಕೂಡಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಇಳಿಸುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು: ಮಗು ತೊಟ್ಟು ಚೀಪಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅದು ರಕ್ತಕ್ಕೆ ಬಿಡುಗಡೆಯಾಗುತ್ತದೆ, ಹಾಲಿನ ಪುಟ್ಟ ಚೀಲಗಳನ್ನು ಸುತ್ತಿಕೊಂಡ ಸ್ನಾಯುಕೋಶಗಳು ಹಿಂಡಿಕೊಳ್ಳುತ್ತವೆ. ಮಗುವಿನ ಅಳು, ಕೆಲವೊಮ್ಮೆ ನೆನಪು ಕೂಡ ಇಷ್ಟನ್ನೂ ಮಾಡಿಸಬಲ್ಲದು. ಭಯ, ನೋವು ಅದನ್ನು ತಡೆಯಬಲ್ಲವು.

ಅಮೆರಿಕದ ನೈಲ್ಸ್ ನ್ಯೂಟನ್ ಮತ್ತು ಮೈಕೆಲ್ ನ್ಯೂಟನ್ ದಂಪತಿ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಾಲೂಡಿಸುವ ತಾಯಿಯ ಪಾದಗಳನ್ನು ಮಂಜಿನ ನೀರಿನಲ್ಲಿಟ್ಟರು, ಕಾಲ್ಬೆರಳನ್ನು ನೋಯುವಂತೆ ಎಳೆದರು, ಲೆಕ್ಕ ಕೇಳಿ ಹೇಳದಿದ್ದರೆ ಶಾಕ್ ಕೊಟ್ಟರು. ಆ ತಾಯಿ ನೈಲ್ಸ್ ಅವರೇ. ನೆಮ್ಮದಿಯಾಗಿದ್ದಾಗ ಮಗು ಸರಾಸರಿ 168 ಗ್ರಾಂ ಹಾಲು ಕುಡಿದರೆ, ಕಾಟದ ದಿನಗಳಲ್ಲಿ 99 ಗ್ರಾಂ. ಕಾಟ ಕೊಡುತ್ತಲೇ ಆಕ್ಸಿಟೋಸಿನ್ ಚುಚ್ಚಿದಾಗ 153. ಕಾಟದ ನಡುವೆಯೂ ಹಾಲು ಇದ್ದೇ ಇತ್ತು.

ಇಳಿಯದೆ ಉಳಿದ ಹಾಲು ಇನ್ನೊಂದು ತೊಂದರೆ ಮಾಡುತ್ತದೆ. ಎದೆ ಖಾಲಿಯಾಗದಿದ್ದರೆ ಉತ್ಪಾದನೆಯೇ ಕುಗ್ಗುತ್ತ ಹೋಗುತ್ತದೆ. ಹಾಗಾಗಿ ತಾಯಿ ಮಗುವನ್ನು ಹತ್ತು ದಿನ ಅಗಲಿಸುವುದೆಂದರೆ ಹಾಲನ್ನು ಹತ್ತು ದಿನ ಮುಂದೂಡಿದಂತಲ್ಲ. ಹಾಲು ಕಾಯುವುದಿಲ್ಲ.

ಆದರೂ ಅಗಲಿಸಿದರು. 2020ರ ಆರಂಭದಲ್ಲಿ ಚೀನಾದ ತಜ್ಞರು 14 ದಿನ ಬೇರೆ ಇಡಲು ಹೇಳಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಏಪ್ರಿಲ್‌ನಲ್ಲಿ ತಾತ್ಕಾಲಿಕ ಅಗಲಿಕೆಯ ಮಾತಾಡಿ ಜುಲೈನಲ್ಲಿ ಬದಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಬೇರೆಯಿತ್ತು: ಮಾಸ್ಕ್ ಹಾಕಿ, ಕೈ ತೊಳೆದು, ಹಾಲೂಡಿಸಿ. ಭಾರತದ ಪ್ರಸೂತಿ ತಜ್ಞರ ಮತ್ತು ಮಕ್ಕಳ ತಜ್ಞರ ಸಂಘಗಳೂ ತಾಯಿಯ ಆರೋಗ್ಯ ಅನುಮತಿಸಿದರೆ ಜೊತೆಗಿಡಿ ಎಂದಿದ್ದವು. ಕಾಗದದ ಮೇಲಿನ ಸಲಹೆ ವಾರ್ಡಿನವರೆಗೆ ನಡೆದು ಬರಲು ಹೊತ್ತು ಹಿಡಿಯಿತು. ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ, ಅವರಿಗೂ ಭಯವಿತ್ತು.

ಅದೇ ವರ್ಷದ ಆಗಸ್ಟಿನಲ್ಲಿ ಸೋಂಕಿತ 18 ತಾಯಂದಿರ 64 ಹಾಲಿನ ಮಾದರಿಗಳ ಅಧ್ಯಯನವೊಂದು ಅಮೆರಿಕದಿಂದ ಬಂತು. ಒಂದರಲ್ಲಿ ಮಾತ್ರ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ತಳಿವಸ್ತು, ಸಿಕ್ಕಿತು. ಬೆಳೆಯಬಲ್ಲ ವೈರಸ್ ಯಾವುದರಲ್ಲೂ ಸಿಗಲಿಲ್ಲ. ನ್ಯೂಯಾರ್ಕಿನ ಮೂರು ಆಸ್ಪತ್ರೆಗಳಲ್ಲಿ ಸೋಂಕಿತ ತಾಯಂದಿರಿಗೆ ಹುಟ್ಟಿದ 120 ಶಿಶುಗಳನ್ನು ಪರೀಕ್ಷಿಸಿದಾಗ ಮೊದಲ ದಿನ ಒಂದಕ್ಕೂ ಸೋಂಕು ಇರಲಿಲ್ಲ. ಮಾಸ್ಕ್ ತೊಟ್ಟ ತಾಯಂದಿರಿಗೆ ಅಲ್ಲಿ ಹಾಲೂಡಿಸಲು ಬಿಟ್ಟಿದ್ದರು. ಇನ್ನೂ ಸ್ವಾರಸ್ಯದ ಸಂಗತಿ, ಚೇತರಿಸಿಕೊಂಡವರ ಹಾಲಿನಲ್ಲಿ ಇದೇ ವೈರಸ್ಸಿಗೆ ಅಂಟಿಕೊಳ್ಳುವ ಐಜಿಎ ಪ್ರತಿಕಾಯಗಳು ಕಂಡವು. ಇವು ಸುಲಭಕ್ಕೆ ಜೀರ್ಣವಾಗುವುದಿಲ್ಲ, ಮಗುವಿನ ಬಾಯಿ ಮತ್ತು ಕರುಳಿನ ಒಳಪದರಕ್ಕೆ ಕಾವಲಾಗಿ ನಿಲ್ಲುತ್ತವೆ.

ಲಸಿಕೆಯ ವಿಷಯದಲ್ಲೂ ಬಾಣಂತಿಯರ ಸರದಿ ತಡವಾಗಿ ಬಂತು. ಮೊದಲ ಪ್ರಯೋಗಗಳಲ್ಲಿ ಅವರನ್ನು ಸೇರಿಸಿರಲಿಲ್ಲ. ಸೇರಿಸದ್ದರಿಂದ ಮಾಹಿತಿಯಿಲ್ಲ, ಮಾಹಿತಿಯಿಲ್ಲದ್ದರಿಂದ ಲಸಿಕೆಯಿಲ್ಲ. ಭಾರತದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು, ಹಾಲೂಡಿಸುವವರಿಗೆ ಒಪ್ಪಿಗೆ ಸಿಕ್ಕಿದ್ದು ಮೇ 19ರಂದು.

ಲೆಕ್ಕಕ್ಕೆ ಸಿಗದ ನಷ್ಟ ಬಾಣಂತನದ್ದು. ಲಾಕ್‌ಡೌನಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ತವರಿಗೆ ಹೋಗಲಾಗಲಿಲ್ಲ, ತಾಯಂದಿರು ಮಗಳ ಬಳಿಗೆ ಬರಲಾಗಲಿಲ್ಲ. ಸಬ್ಬಸಿಗೆ ಸೊಪ್ಪು, ಅಳವಿ ಪಾಯಸ, ಅಂಟಿನುಂಡೆಯಿಂದಲೇ ಹಾಲು ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಆದರೆ ಅದನ್ನು ಮಾಡಿ ತಂದಿಟ್ಟು, ‘ನೀನು ಮಲಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ’ ಎನ್ನುವವರು ಮಂಜಿನ ನೀರಿನಿಂದ ಪಾದ ತೆಗೆಸಿದಂತೆಯೇ. ನಮ್ಮಕ್ಕ ಧಾರವಾಡದಿಂದ ವಿಡಿಯೊ ಕರೆಯಲ್ಲಿ ಬಾಣಂತನ ಮಾಡಿದಳು. ಮಗುವನ್ನು ಹಿಡಿಯುವ ಬಗೆ ತೋರಿಸಲು ದಿಂಬನ್ನು ಎತ್ತಿಕೊಂಡಿದ್ದಳು.

ಹನ್ನೊಂದನೆಯ ದಿನ ಮಗು ಕೈಗೆ ಬಂತು. ಬಾಟಲಿಗೆ ಒಗ್ಗಿದ್ದರಿಂದ ಎದೆಗೆ ಹಿಡಿದರೆ ಮುಖ ತಿರುಗಿಸುತ್ತಿತ್ತು. ದಾರಿಗೆ ಬರಲು ಮೂರು ವಾರ. ರಜೆ ಮುಗಿದು ಬ್ಯಾಂಕಿನ ಕೆಲಸಕ್ಕೆ ಮರಳಿದ ಮೇಲೂ ಆ ಹಳೆಯ ವಿಡಿಯೊವನ್ನು ಅವಳು ಅಳಿಸಲಿಲ್ಲ. ಊಟದ ಬಿಡುವಿನಲ್ಲಿ ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು, ಪಂಪ್ ಹಿಡಿದು, ಮೊದಲು ಆ ವಿಡಿಯೊ ಹಚ್ಚುತ್ತಿದ್ದಳು.