ನೆಟ್ ಹೋದರೆ ಅಂಗಡಿ ಫೋನೂ ಹೋಗುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ವಾಟರ್ ಫಿಲ್ಟರ್ ಮಾರಾಟ, ಸರ್ವಿಸ್. ಮೂರು ಜನ ಹುಡುಗರಿದ್ದಾರೆ. ಎಲ್ಲರಿಗೂ ಸೇರಿ ಒಂದೇ ನಂಬರ್ ಇರಲಿ, ಕ್ಲೌಡ್ ಫೋನ್ ಹಾಕಿಸಿ ಅಂತ ಪರಿಚಯದವರು ಹೇಳ್ತಿದ್ದಾರೆ. ಇಲ್ಲಿ ಕರೆಂಟೂ ಹೋಗುತ್ತೆ, ನೆಟ್ಟೂ ಹೋಗುತ್ತೆ. ಆಗ ಗಿರಾಕಿಗಳ ಕಾಲ್ ಏನಾಗುತ್ತೆ?

ಉತ್ತರ: ಕಾಲನ್ನು ಎಲ್ಲಿ ಎತ್ತುತ್ತೀರಿ ಅನ್ನುವುದರ ಮೇಲಿದೆ. ಹುಡುಗರ ಮೊಬೈಲಿನಲ್ಲಿ ಎತ್ತುವುದಾದರೆ ಏನೂ ಆಗುವುದಿಲ್ಲ.

ಕ್ಲೌಡ್ ಫೋನಿನಲ್ಲಿ ನಿಮ್ಮ ನಂಬರ್ ಅಂಗಡಿಯಲ್ಲಿ ಇರುವುದಿಲ್ಲ, ಸೇವೆ ಕೊಡುವ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ಗಿರಾಕಿಯ ಕಾಲ್ ಮೊದಲು ಅಲ್ಲಿಗೇ ಹೋಗುತ್ತದೆ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅನ್ನುವ ದನಿ ಬರುವುದೂ ಅಲ್ಲಿಂದಲೇ. ಆಮೇಲೆ ಸರ್ವರ್ ನಿಮ್ಮ ಹುಡುಗನ ಮೊಬೈಲಿಗೆ ಇನ್ನೊಂದು ಕಾಲ್ ಹಾಕಿ ಎರಡನ್ನೂ ಜೋಡಿಸುತ್ತದೆ. ಅದು ಮಾಮೂಲಿ ಕಾಲ್. ಎತ್ತಲು ಡೇಟಾ ಬೇಡ, ವೈಫೈ ಬೇಡ, ಕೀಪ್ಯಾಡ್ ಫೋನ್ ಇದ್ದರೂ ಸಾಕು. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಕ್ಸೊಟೆಲ್‌ನಂಥ ಕಂಪನಿಗಳು ಕೊಡುವುದು ಇಂಥ ಸೇವೆಯನ್ನೇ.

ಮೇಜಿನ ಮೇಲೆ ಐಪಿ ಫೋನ್, ಅಂದರೆ ನೆಟ್ ಮೂಲಕವೇ ಮಾತಾಡುವ ಫೋನ್, ಇಟ್ಟರೆ ಮಾತ್ರ ನಿಮ್ಮ ಭಯ ನಿಜ. ಒಂದು ಕಾಲಿಗೆ ಸುಮಾರು 100 ಕೆಬಿಪಿಎಸ್‌ನಷ್ಟು ನೆಟ್ ಸ್ಪೀಡ್ ಸಾಕು, ಹಾಗಾಗಿ ಸ್ಪೀಡ್ ತೊಂದರೆ ಕೊಡುವುದಿಲ್ಲ. ತೊಂದರೆ ಕರೆಂಟಿನದು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನ್ ರಿಂಗ್ ಆಗುತ್ತಿತ್ತು. ಫೈಬರ್ ಕೇಬಲಿನಲ್ಲಿ ಕರೆಂಟ್ ಬರುವುದಿಲ್ಲ. ರೂಟರಿಗೂ ಫೈಬರ್ ಬಾಕ್ಸಿಗೂ ಯುಪಿಎಸ್ ಬೇಕೇ ಬೇಕು. ಮೂರು ಜನರ ಅಂಗಡಿಗೆ ಈ ತಾಪತ್ರಯ ಯಾಕೆ? ಮೊಬೈಲೇ ಸಾಕು.

ಕಾಲ್ ಮೊದಲು ಯಾರಿಗೆ, ಎತ್ತದಿದ್ದರೆ ಮುಂದೆ ಯಾರಿಗೆ ಅನ್ನುವುದನ್ನು ಯೋಚಿಸಿ ಇಡಿ. ಒಬ್ಬ ಯಾರದೋ ಅಡುಗೆಮನೆಯಲ್ಲಿ ಗೋಡೆಗೆ ಡ್ರಿಲ್ ಹಿಡಿದಿರುತ್ತಾನೆ, ಅವನಿಗೆ ರಿಂಗೇ ಕೇಳಿಸುವುದಿಲ್ಲ. 20 ಸೆಕೆಂಡ್ ನೋಡಿ ಮುಂದಿನವನಿಗೆ ಹೋಗಲಿ. ಯಾರೂ ಎತ್ತದಿದ್ದರೆ ಗಿರಾಕಿಯ ನಂಬರ್ ನಿಮಗೆ ಮೆಸೇಜ್ ಬರುವ ಹಾಗೆ ಮಾಡಿಸಿ.

ಇಲ್ಲೊಂದು ಎಡವಟ್ಟು ಇದೆ. ಹುಡುಗನ ಸ್ಕ್ರೀನಿನಲ್ಲಿ ಸಾಮಾನ್ಯವಾಗಿ ಕಾಣಿಸುವುದು ಅಂಗಡಿಯದೇ ನಂಬರ್, ಗಿರಾಕಿಯದಲ್ಲ. ಮಿಸ್ಡ್ ಕಾಲ್ ನೋಡಿ ವಾಪಸ್ ಒತ್ತಿದರೆ ಅವನಿಗೇ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಕೇಳಿಸುತ್ತದೆ! ಕಂಪನಿಯ ಆಪ್‌ನಿಂದಲೇ ವಾಪಸ್ ಮಾಡಲು ಕಲಿಸಿ, ಇದಕ್ಕೆ ಮಾತ್ರ ಸ್ಮಾರ್ಟ್‌ಫೋನೂ ಡೇಟಾನೂ ಬೇಕು. ಆಪ್‌ನಲ್ಲಿ ಗಿರಾಕಿಯ ಹೆಸರು ಒತ್ತಿದರೆ ಮೊದಲು ಇವನ ಫೋನೇ ರಿಂಗ್ ಆಗುತ್ತದೆ, ಎತ್ತಿದ ಮೇಲೆ ಗಿರಾಕಿಗೆ ಕಾಲ್ ಹೋಗುತ್ತದೆ. ಅವರಿಗೆ ಕಾಣುವುದು ಅಂಗಡಿ ನಂಬರ್.

ನನ್ನನ್ನು ಕೇಳಿದರೆ ನೆಟ್‌ಗಿಂತ ಜಾಸ್ತಿ ಹೆದರಬೇಕಾದ್ದು ಬ್ಯಾಲೆನ್ಸಿಗೆ. ಪ್ರೀಪೇಯ್ಡ್ ಪ್ಲಾನ್ ಆದರೆ ಹಣ ಮುಗಿದ ದಿನ ಫೋನ್ ಸುಮ್ಮನಾಗಬಹುದು. ಎರಡು ಕಾಲ್ ಸೇರಿ ಒಂದು ಮಾತುಕತೆ ಆಗುವುದರಿಂದ ಎರಡಕ್ಕೂ ನಿಮಿಷ ಹಿಡಿಯುತ್ತೀರಾ ಅಂತ ಮೊದಲೇ ಕೇಳಿ. 1800ರ ನಂಬರ್ ಈಗ ಬೇಡ. ಅದರಲ್ಲಿ ಗಿರಾಕಿಯ ಕಾಲಿಗೂ ನೀವೇ ದುಡ್ಡು ಕೊಡಬೇಕು, ಊರೊಳಗಿನ ವ್ಯಾಪಾರಕ್ಕೆ ಅದು ದಂಡ.

ಕಂಪನಿ ಬದಲಿಸಿದರೆ ನಂಬರ್ ನಿಮ್ಮ ಜೊತೆ ಬರುತ್ತದೋ ಇಲ್ಲವೋ, ಬೋರ್ಡ್ ಬರೆಸುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಹಳೇ ಸಿಮ್ಮನ್ನೂ ಬಿಡಬೇಡಿ. ಅದರಿಂದ ಹೊಸ ನಂಬರಿಗೆ ಕಾಲ್ ಫಾರ್ವರ್ಡ್ ಹಾಕಿ, ರೀಚಾರ್ಜ್ ನಿಲ್ಲಿಸದೆ ಇಟ್ಟುಕೊಳ್ಳಿ. ನೀವು ಇಷ್ಟು ವರ್ಷ ಫಿಲ್ಟರುಗಳಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುವುದು ಅದೇ ನಂಬರ್ ಅಲ್ವಾ?