ಮುಚ್ಚಿಡೋಕೆ ಏನೂ ಇಲ್ಲ ಅಂದಮೇಲೆ, ಸರ್ಕಾರ ನೋಡಿದರೆ ನನಗೇನು?

ಓದುಗರ ಪ್ರಶ್ನೆ: "ಸಾರ್, ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋನು. ಊರು ಮುಳಬಾಗಿಲು ಕಡೆ. ಆಧಾರ್, ಸಿಸಿಟಿವಿ, ಫೋನ್ ಕದ್ದಾಲಿಕೆ ಅಂತ ಪೇಪರಲ್ಲಿ ದಿನಾ ಏನಾದ್ರೂ ಬರ್ತಾನೇ ಇರುತ್ತೆ. ನಾನು ಕಳ್ಳನೂ ಅಲ್ಲ, ಸುಳ್ಳನೂ ಅಲ್ಲ. ನನ್ನ ಹತ್ರ ಮುಚ್ಚಿಡೋಕೆ ಏನೂ ಇಲ್ಲ. ಸರ್ಕಾರ ನೋಡಿದ್ರೆ ನೋಡ್ಕೊಳ್ಳಲಿ ಬಿಡಿ, ನನಗೇನು ನಷ್ಟ?"

ಉತ್ತರ: ಅಣ್ಣ, ಈ ಪ್ರಶ್ನೆ ಕೇಳಿದವರಲ್ಲಿ ನೀವೇ ಮೊದಲಿನವರಲ್ಲ. ಟೀ ಅಂಗಡಿಯಲ್ಲಿ ಈ ವಿಷಯ ಎತ್ತಿದರೆ ಸಾಕು, ಹತ್ತರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಅದಕ್ಕೂ ಮೊದಲು ನಿಮಗೆ ಫೋನಿನಲ್ಲಿ ಒಂದು ಸಣ್ಣ ಕೆಲಸ ಹೇಳಿದ್ದೆ, ನೆನಪಿದೆ ಅಲ್ವಾ? ಅದರ ಕಥೆ ಕೊನೆಗೆ.

ನೀವು ಮುಳಬಾಗಿಲು ಕಡೆಯವರು, ಆವಣಿ ದನದ ಜಾತ್ರೆ ನೋಡಿರುತ್ತೀರಿ. ಅಲ್ಲಿ ದಲ್ಲಾಳಿ ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಸುತ್ತ ಐವತ್ತು ಜನ ನಿಂತಿರುತ್ತಾರೆ, ಬೆಲೆ ಗೊತ್ತಾಗುವುದು ಮಾತ್ರ ಟವೆಲ್ ಕೆಳಗೆ ಕೈ ಇಟ್ಟ ಇಬ್ಬರಿಗೆ. ಅವರೇನು ಕದ್ದ ಎತ್ತು ಮಾರುತ್ತಿದ್ದಾರಾ? ಪಕ್ಕದವನಿಗೆ ಬೆಲೆ ಗೊತ್ತಾದರೆ ತನ್ನ ವ್ಯಾಪಾರ ಕೆಡುತ್ತದೆ, ಅಷ್ಟೇ. ನಿಮ್ಮ ಮಂಡಿಯ ಲೆಕ್ಕದ ಪುಸ್ತಕವನ್ನೇ ತಗೊಳ್ಳಿ. ಅದರಲ್ಲಿ ಒಂದು ಸುಳ್ಳೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಪಕ್ಕದ ಮಂಡಿಯವರು ಬಂದು "ಸುಮ್ನೆ ನೋಡ್ತೀನಿ ಕೊಡಿ" ಅಂದರೆ ಕೊಡುತ್ತೀರಾ? ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದ್ದೀರಿ, ಯಾರು ಸಾಲದಲ್ಲಿದ್ದಾರೆ, ಎಲ್ಲ ಅದರಲ್ಲಿದೆ. ತೆರಿಗೆಯವರು ನೋಟಿಸ್ ಹಿಡಿದು ಬಂದರೆ ತೋರಿಸುತ್ತೀರಿ. ಯಾಕೆ ಅಂದರೆ ಅವರ ಕೈಯಲ್ಲಿ ಒಂದು ಕಾಗದ ಇರುತ್ತದೆ, ಕೆಳಗೆ ಒಬ್ಬರ ಸಹಿ ಇರುತ್ತದೆ, ತಪ್ಪಾದರೆ ಮೇಲ್ಮನವಿ ಹಾಕಿಕೊಳ್ಳಬಹುದು.

ಸರ್ಕಾರದ ಕಣ್ಣಿನ ವಿಷಯದಲ್ಲೂ ನಾನು ಕೇಳುವುದು ಅದನ್ನೇ. ಕಾಗದ ಎಲ್ಲಿ? ಸಹಿ ಯಾರದು? ತಪ್ಪಾದರೆ ಯಾರನ್ನು ಕೇಳಬೇಕು?

ಹಳೆಯ ಕೇಸು ಒಂದಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಅನ್ನುವವರ ಮೇಲೆ 1941ರಲ್ಲಿ ಡಕಾಯಿತಿ ಕೇಸು ಹಾಕಿದರು, ಸಾಕ್ಷಿ ಸಿಗದೆ ಬಿಟ್ಟರು. ಬಿಟ್ಟರೂ ಪೊಲೀಸರು ಅವರ ಹೆಸರಲ್ಲಿ ಒಂದು ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ. ಆಮೇಲೆ ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಮನೆಯೊಳಗೆ ಬಂದು ನೋಡುವುದು, ಊರು ಬಿಟ್ಟು ಹೋದರೆ ಎಲ್ಲಿಗೆ ಅಂತ ಕೇಳುವುದು, ಇದೇ ಆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ಕೋರ್ಟು ರಾತ್ರಿ ಮನೆಗೆ ನುಗ್ಗುವುದು ತಪ್ಪು ಅಂದಿತು. ಆದರೆ ಖಾಸಗಿತನ ಅನ್ನುವ ಹಕ್ಕು ಸಂವಿಧಾನದಲ್ಲಿ ಇಲ್ಲ, ಹಿಂದೆ ಹಿಂದೆ ಹೋಗಿ ಕಣ್ಣಿಟ್ಟರೆ ತಪ್ಪಿಲ್ಲ ಅಂತಲೂ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು.

ಆ ಮಾತನ್ನು ತಿದ್ದಲು 55 ವರ್ಷ ಬೇಕಾಯಿತು. ತಿದ್ದಿಸಿದವರು ಯಾರು ಗೊತ್ತಾ? ನಮ್ಮ ಕೋಲಾರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವಯಸ್ಸಿನಲ್ಲಿ ನಾವಾದರೆ ಪೆನ್ಶನ್ ತಗೊಂಡು ಮನೆಯಲ್ಲಿ ಕೂರುತ್ತೇವೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಟ್ಟಾಗಿ, ಖಾಸಗಿತನ ಮೂಲಭೂತ ಹಕ್ಕು ಅಂದರು. ಈವತ್ತು ಖಾಸಗಿತನದ ಯಾವ ಕೇಸೇ ಇರಲಿ, ವಕೀಲರು ಮೊದಲು ಎತ್ತುವುದು ಪುಟ್ಟಸ್ವಾಮಿ ತೀರ್ಪನ್ನೇ. ಅವರು 2024ರಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯವರು ಚಿನ್ನದ ಗಣಿ ಬಗ್ಗೆ ಎಷ್ಟು ಹೆಮ್ಮೆಯಿಂದ ಮಾತಾಡುತ್ತೇವೋ, ಇವರ ಬಗ್ಗೆ ಅದರ ಕಾಲು ಭಾಗ ಮಾತಾಡಿದ್ದನ್ನೂ ನಾನು ಕೇಳಿಲ್ಲ.

ಹಾಗಂತ ಸರ್ಕಾರ ಏನೂ ನೋಡಲೇಬಾರದು ಅಂತ ಆ ತೀರ್ಪು ಹೇಳಿಲ್ಲ. ನೋಡುವುದಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಕಾರಣ ಇರಬೇಕು, ಆ ಕಾರಣಕ್ಕೆ ಎಷ್ಟು ಬೇಕೋ ಅಷ್ಟೇ ನೋಡಬೇಕು ಅಂದಿತು. ಇಲಿ ಹಿಡಿಯೋಕೆ ಅಂತ ಬಂದವನು ಮನೆಯ ಬೀರು ಎಲ್ಲ ಜಾಲಾಡಬಾರದು ಅನ್ನಿ.

ಈಗ ನಿಮ್ಮ ಫೋನಿಗೆ ಬರೋಣ. ಫೋನ್ ಕದ್ದಾಲಿಕೆ ನಮ್ಮ ರಾಜ್ಯಕ್ಕೆ ಹೊಸದಲ್ಲ, 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕುರ್ಚಿ ಬಿಟ್ಟಿದ್ದೇ ಆ ಗಲಾಟೆಯಲ್ಲಿ. ಆಗೆಲ್ಲ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ, ಬ್ರಿಟಿಷರು ಮಾಡಿದ್ದು. 1996ರಲ್ಲಿ ಸುಪ್ರೀಂ ಕೋರ್ಟು, ಯಾರೋ ಒಬ್ಬ ಇನ್ಸ್‌ಪೆಕ್ಟರ್ ಮನಸ್ಸಿಗೆ ಬಂದ ಹಾಗೆ ಫೋನ್ ಕೇಳುವಂತಿಲ್ಲ, ಗೃಹ ಇಲಾಖೆಯ ಕಾರ್ಯದರ್ಶಿ ಬರೆದು ಆದೇಶ ಕೊಡಬೇಕು ಅಂದಿತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಕೊನೆಗೆ ಅದರ ನಿಯಮಗಳೂ ಬಂದಿವೆ. ಒಂದು ಆದೇಶಕ್ಕೆ 60 ದಿನ ಆಯುಸ್ಸು, ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಆದೇಶ ಸರಿ ಇದೆಯಾ ಅಂತ ನೋಡಲು ಮುಖ್ಯ ಕಾರ್ಯದರ್ಶಿಯ ಕೆಳಗೆ ಒಂದು ಸಮಿತಿ ಇದೆ.

ಕೇಳೋಕೆ ಚೆನ್ನಾಗಿದೆ. ಆದರೆ ಆದೇಶ ಕೊಡುವವರೂ ಸರ್ಕಾರಿ ಅಧಿಕಾರಿ, ಅದನ್ನು ಪರಿಶೀಲಿಸುವವರೂ ಸರ್ಕಾರಿ ಅಧಿಕಾರಿಗಳೇ. ನ್ಯಾಯಾಧೀಶರು ನಡುವೆ ಎಲ್ಲೂ ಬರುವುದಿಲ್ಲ. ಮಂಡಿಯ ಲೆಕ್ಕವನ್ನು ಮಂಡಿ ಮಾಲೀಕನ ಭಾಮೈದನೇ ಆಡಿಟ್ ಮಾಡಿದ ಹಾಗೆ. ಇನ್ನೊಂದು ವಿಷಯ, ನಿಮ್ಮ ಫೋನ್ ಆರು ತಿಂಗಳು ಕೇಳಿ, ಕೊನೆಗೆ ಏನೂ ಸಿಗದೆ ಬಿಟ್ಟರೂ "ನಿಮ್ಮದು ಕೇಳಿದ್ದೆವು" ಅಂತ ನಿಮಗೆ ಯಾರೂ ಹೇಳುವುದಿಲ್ಲ. ಗೊತ್ತೇ ಆಗದ ವಿಷಯಕ್ಕೆ ದೂರು ಹೇಗೆ ಕೊಡುತ್ತೀರಿ?

ನಿಜ ಹೇಳಬೇಕು ಅಂದರೆ ನಿಮ್ಮ ಮಾತನ್ನು ಯಾರೂ ಕೇಳುತ್ತಿರಲಿಕ್ಕಿಲ್ಲ, ಅದು ಎಲ್ಲೋ ಕೆಲವರ ಪಾಡು. ನನಗೆ ಜಾಸ್ತಿ ಚಿಂತೆ ಇರುವುದು ಮಾತಿನದಲ್ಲ, ಪಟ್ಟಿಯದು. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್ ಕೆಳಗಿಂದ ಫೋನ್ ಮಾಡಿದಿರಿ ಅನ್ನುವ ಪಟ್ಟಿ. ಪೊಲೀಸರು ಸಿಡಿಆರ್ ಅನ್ನುತ್ತಾರೆ. ಮೊಬೈಲ್ ಕಂಪನಿಗಳು ಇದನ್ನು ಕನಿಷ್ಠ 2 ವರ್ಷ ಇಟ್ಟುಕೊಂಡಿರಬೇಕು ಅಂತ ನಿಯಮವೇ ಇದೆ. ಇದನ್ನು ತರಿಸಿಕೊಳ್ಳಲು ಗೃಹ ಕಾರ್ಯದರ್ಶಿಯ ಆದೇಶವೂ ಬೇಕಾಗಿಲ್ಲ. ಒಂದು ಪಟ್ಟಿ ಊಹಿಸಿಕೊಳ್ಳಿ. ಒಬ್ಬರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದ್ದಾರೆ. ಮಾರನೇ ದಿನ ಎಲ್‌ಐಸಿ ಏಜೆಂಟಿಗೆ. ಆಮೇಲೆ ಅಣ್ಣನಿಗೆ ನಲವತ್ತು ನಿಮಿಷ. ಅದರ ಹಿಂದೆಯೇ ಜಮೀನು ಬ್ರೋಕರ್‌ಗೆ. ಒಂದು ಮಾತೂ ಕೇಳಿಸಿಕೊಳ್ಳದೆ ಆ ಮನೆಯಲ್ಲಿ ಏನಾಗಿದೆ ಅಂತ ನಿಮಗೆ ಗೊತ್ತಾಗಿ ಹೋಯಿತು ಅಲ್ವಾ? ಮುಚ್ಚಿಡೋದು ಏನೂ ಇಲ್ಲದವರ ಮನೆಯೇ ಅದು.

ಸಿಸಿಟಿವಿ ಬಗ್ಗೆ ನಾನು ಸಾಚಾ ಅಂತ ಹೇಳಿಕೊಳ್ಳಲಾರೆ. ಎರಡು ವರ್ಷದ ಹಿಂದೆ ನನ್ನ ಬೈಕ್ ಕಳುವಾದಾಗ, ಎದುರಿನ ಬೇಕರಿಗೆ ಓಡಿ ಹೋಗಿ ಕ್ಯಾಮೆರಾ ತೋರಿಸಿ ಅಂತ ಗೋಗರೆದವನು ನಾನೇ. ಬೇಕರಿ ಹುಡುಗ ಪಾಪ ಒಳ್ಳೆಯವನು, ಕೈಗೆ ಮೆತ್ತಿದ ಕ್ರೀಮ್ ಒರೆಸಿಕೊಂಡು ಮೌಸ್ ಹಿಡಿದ. ಹಿಂದಿನ ರಾತ್ರಿ ಎಂಟರಿಂದ ಓಡಿಸುತ್ತಾ ಹೋದ. "ಇವರು ದಿನಾ ಇಷ್ಟೊತ್ತಿಗೆ ವೈನ್ಸ್ ಕಡೆ ಹೋಗ್ತಾರೆ ಸಾರ್." ನಮ್ಮ ಬೀದಿಯ ಮೇಷ್ಟ್ರು. "ಈ ಅಕ್ಕನ್ನ ಬಿಡೋಕೆ ಒಂದು ಕಾರ್ ಬರುತ್ತೆ, ಮನೆ ಮುಂದೆ ಬಿಡಲ್ಲ, ಇಲ್ಲೇ ಬಿಡುತ್ತೆ." ಆ ಅಕ್ಕನನ್ನು ನಾನು ದಿನಾ ನೋಡುತ್ತೇನೆ, ಹಾಲು ತರುವಾಗ ನಮಸ್ಕಾರ ಅನ್ನುತ್ತೇನೆ. ಈಗ ನಮಸ್ಕಾರ ಹೇಳುವಾಗ ಕಾರು ನೆನಪಾಗುತ್ತದೆ. ಬೈಕ್ ಸಿಗಲಿಲ್ಲ, ಬೇರೆ ಮಾತು. ಜನ ಸೇರುವ ಕಡೆ ಕ್ಯಾಮೆರಾ ಹಾಕಲೇಬೇಕು ಅಂತ ನಮ್ಮ ರಾಜ್ಯದಲ್ಲಿ 2017ರಲ್ಲೇ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಮಾಡಿದ್ದಾರೆ. ಹಾಕಿದ್ದನ್ನು ಬೇಕರಿ ಹುಡುಗ ಯಾರಿಗೆ ತೋರಿಸಬಹುದು, ಯಾರಿಗೆ ತೋರಿಸಬಾರದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೇಳಿದೆ, ಅವನು ತೋರಿಸಿದ.

ಕ್ಯಾಮೆರಾ ತಿರುಗಿಸಿ ಇಟ್ಟರೆ ಹೇಗೆ ಅಂತಲೂ ನೋಡಿ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ಲಾಕಪ್ ಹತ್ತಿರವೂ ಇರಬೇಕು, ಧ್ವನಿಯೂ ರೆಕಾರ್ಡ್ ಆಗಬೇಕು ಅಂತ ಆದೇಶ ಕೊಟ್ಟಿತು. ಮುಚ್ಚಿಡೋದು ಏನೂ ಇಲ್ಲ ಅನ್ನುವ ನಿಮ್ಮ ಮಾತು ಸರ್ಕಾರದ ಬಾಯಲ್ಲಿ ಬಂದರೆ ನನಗೆ ಇನ್ನೂ ಖುಷಿ. ಆದರೆ ಅಲ್ಲಿ ಗಾಳಿ ಉಲ್ಟಾ ಬೀಸುತ್ತಿದೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ ಒಂದು ಕಾಯ್ದೆ ಮಾಡಿದರು. ಅದರಲ್ಲಿ ಕಂಪನಿಗಳು ತಪ್ಪು ಮಾಡಿದರೆ 250 ಕೋಟಿವರೆಗೆ ದಂಡ ಇದೆ. ಸರ್ಕಾರ ತನ್ನದೇ ಸಂಸ್ಥೆಗಳಿಗೆ ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆ ಅಂತ ಕಾರಣ ಕೊಟ್ಟು ಪೂರ್ತಿ ವಿನಾಯಿತಿ ಕೊಡಬಹುದು ಅಂತಲೂ ಇದೆ. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಯನ್ನೂ ತಿದ್ದಿದೆ. ಅಧಿಕಾರಿಯೊಬ್ಬರ ಬಗ್ಗೆ ಅರ್ಜಿ ಹಾಕಿದರೆ "ಇದು ವೈಯಕ್ತಿಕ ಮಾಹಿತಿ" ಅಂತ ವಾಪಸ್ ಕಳಿಸುವುದು ಈಗ ಮೊದಲಿಗಿಂತ ಸುಲಭ. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಅನ್ನುವ ಇನ್ನೊಂದು ಕಲಂ ಉಳಿದಿದೆ ನಿಜ, ಅದನ್ನು ಹಿಡಿದು ಹೋರಾಡಬೇಕು ಅಷ್ಟೇ.

ಇನ್ನು ಹೆಬ್ಬೆಟ್ಟು. ಇದರಲ್ಲಿ ನಷ್ಟ ಏನು ಅಂತ ಕೇಳಿದರೆ ರೂಪಾಯಿ ಲೆಕ್ಕದಲ್ಲೇ ಹೇಳಬಹುದು. ಜಮೀನು ನೋಂದಣಿ ಮಾಡಿಸುವಾಗ ಹೆಬ್ಬೆಟ್ಟು ಒತ್ತುತ್ತೇವೆ, ಆಧಾರ್ ಕೊಡುತ್ತೇವೆ. 2023ರಲ್ಲಿ ನಮ್ಮ ರಾಜ್ಯದಲ್ಲೇ, ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಯಂತ್ರದಲ್ಲಿ ಒತ್ತಿ, ಜನರ ಬ್ಯಾಂಕ್ ಖಾತೆಯಿಂದ ದುಡ್ಡು ಎಗರಿಸಿದ ದೂರುಗಳು ಸಾಲಾಗಿ ಬಂದವು. ಒಟಿಪಿ ಯಾರಿಗೂ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ, ಏನೂ ತಪ್ಪು ಮಾಡಿರಲಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟು ಕಳುವಾದರೆ ಬೇರೆ ಹೆಬ್ಬೆಟ್ಟು ಎಲ್ಲಿಂದ ತರುವುದು?

ಅದಕ್ಕೆ ಬೀಗ ಹಾಕುವ ದಾರಿ ಇದೆ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಿಮ್ಮ ಬೆರಳನ್ನು ಯಾರು ಒತ್ತಿದರೂ ಕೆಲಸ ಮಾಡುವುದಿಲ್ಲ, ನೀವೇ ಒತ್ತಿದರೂ. ಹಾಗಾಗಿ ರೇಷನ್‌ಗೆ ಹೋಗುವ ದಿನ ಮರೆಯದೆ ತೆಗೆಯಿರಿ. ನಮ್ಮಮ್ಮನದು ಲಾಕ್ ಮಾಡಿ ಹೇಳುವುದನ್ನು ಮರೆತಿದ್ದೆ, ಅವರು ಬಿಸಿಲಲ್ಲಿ ಕ್ಯೂ ನಿಂತು ಬರಿಗೈಯಲ್ಲಿ ಬಂದು ನನಗೆ ಮಾಡಿದ ಮಂಗಳಾರತಿ ಇಡೀ ಬೀದಿಗೆ ಕೇಳಿತ್ತು. ಜೆರಾಕ್ಸ್ ಕೊಡಬೇಕಾದ ಕಡೆ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ. ಸಿಮ್‌ಗಾಗಲಿ ಬ್ಯಾಂಕ್ ಖಾತೆಗಾಗಲಿ ಆಧಾರೇ ಬೇಕು ಅಂತ ಹಟ ಹಿಡಿಯುವಂತಿಲ್ಲ, 2018ರ ಆಧಾರ್ ತೀರ್ಪಿನಲ್ಲೇ ಆ ಕಡ್ಡಾಯ ಬಿದ್ದು ಹೋಗಿದೆ. ನೀವಾಗಿಯೇ ಕೊಟ್ಟರೆ ತಗೊಳ್ಳಬಹುದು. ರೇಷನ್, ಪಿಂಚಣಿ, ಪ್ಯಾನ್ ಜೋಡಣೆ ಇವೆಲ್ಲ ಮಾತ್ರ ಹಾಗೇ ಉಳಿದಿವೆ.

ಈಗ ನಿಮಗೆ ಹೇಳಿದ್ದ ಕೆಲಸಕ್ಕೆ ಬರುತ್ತೇನೆ. ನಿಮ್ಮ ಆಧಾರ್ ಅನ್ನು ಹಿಂದಿನ ಆರು ತಿಂಗಳಲ್ಲಿ ಯಾರ್‍ಯಾರು, ಯಾವ ದಿನ, ಎಷ್ಟು ಗಂಟೆಗೆ ಪರೀಕ್ಷಿಸಿದ್ದಾರೆ ಅನ್ನುವ ಪಟ್ಟಿ ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ, ಒಟಿಪಿ ಹಾಕಿ ತೆಗೆದು ನೋಡಿ ಅಂದಿದ್ದೆ. ಮಂಡಿ ಮುಗಿಸಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಿರಿ. ಏಳು ಸಾಲು ಇದೆ ಅಂದಿರಿ. ನಾಲ್ಕು ರೇಷನ್ ಅಂಗಡಿಯದು. ಒಂದು ಹೊಸ ಸಿಮ್ ತಗೊಂಡಿದ್ದು. ಒಂದು ಬ್ಯಾಂಕಿಂದು, ನೆನಪಾಯಿತು. ಏಳನೆಯದು ಒಂದು ಮಂಗಳವಾರ ಬೆಳಿಗ್ಗೆ 11.20ರದು, ಬೆರಳಚ್ಚು, ಮುಂದೆ ಬರೀ ಇಂಗ್ಲಿಷ್ ಅಕ್ಷರಗಳ ಒಂದು ಹೆಸರು. ನೀವು ಲೆಕ್ಕದ ಪುಸ್ತಕ ತೆಗೆದು ನೋಡಿದ್ದೀರಿ, ಆ ಹೊತ್ತಿಗೆ ಹರಾಜು ನಡೆಯುತ್ತಿತ್ತು, ನಿಮ್ಮದೇ ಕೈಬರಹದಲ್ಲಿ ಇಪ್ಪತ್ತಾರು ಎಂಟ್ರಿ ಇದೆ.

"ಸಾರ್, ನಾನಿಲ್ಲೇ ಇದ್ದೆನಲ್ಲ, ಹಾಗಾದ್ರೆ ಇದ್ಯಾರು?" ಅಂದಿರಿ.

ನಾಳೆ ಬೆಳಿಗ್ಗೆ ಮೊದಲು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಆ ಸಾಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1947ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ದುಡ್ಡೇನಾದರೂ ಹೋಗಿದ್ದರೆ ತಡ ಮಾಡದೆ 1930ಕ್ಕೆ ಮಾಡಿ. ಏನಂದರು ಅಂತ ನನಗೂ ಒಂದು ಮೆಸೇಜ್ ಹಾಕಿ.